ಹುಡುಕು ಪೆಟ್ಟಿಗೆಯಲ್ಲಿ ಐಕಾನ್ ಬದಲು ಚೌಕ ಬಂದಾಗ

ವೆಬ್ ಪುಟದ ಹುಡುಕು ಪೆಟ್ಟಿಗೆ, ಅಂದರೆ ಇನ್‌ಪುಟ್ ಟ್ಯಾಗ್. ಐಕಾನ್‌ಗಳ ಸಂಗ್ರಹವಾದ ಫಾಂಟ್ ಆಸಮ್ 5ರ ಭೂತಗನ್ನಡಿ ಅದರ ಒಳಗೆ ಕೂರಬೇಕಿತ್ತು. ಇನ್‌ಪುಟ್‌ಗೆ ಸಿಎಸ್‌ಎಸ್‌ನ ಬಿಫೋರ್ (ಟ್ಯಾಗ್ ಒಳಗೆ ಮೊದಲಿಗೆ ಏನಾದರೂ ಸೇರಿಸುವ ವಿಧಾನ) ಕೊಟ್ಟರೆ ಏನೂ ಕಾಣದು. ಬ್ರೌಸರ್ ಅದರೊಳಗೆ ಬೇರೇನನ್ನೂ ಸೇರಿಸುವುದಿಲ್ಲ. ಪ್ಲೇಸ್‌ಹೋಲ್ಡರ್‌ನಲ್ಲಿ (ಖಾಲಿ ಪೆಟ್ಟಿಗೆಯಲ್ಲಿ ಕಾಣುವ ಸೂಚನೆ) ಐಕಾನ್‌ನ ಸಂಕೇತ ಎಫ್002 ಬರೆದರೆ ಬರೀ ಚೌಕ. ಉಚಿತ ಆವೃತ್ತಿಯಲ್ಲಿ ಈ ಐಕಾನ್ ಇರುವುದು ಸಾಲಿಡ್ ಶೈಲಿಯಲ್ಲಿ ಮಾತ್ರ, ಅದಕ್ಕೆ ಫಾಂಟ್ ವೇಟ್ (ಅಕ್ಷರದ ದಪ್ಪ) 900 ಬೇಕೇ ಬೇಕು. ಅದನ್ನು ಇನ್‌ಪುಟ್‌ಗೇ ಕೊಟ್ಟರೋ, ಟೈಪ್ ಮಾಡಿದ ಅಕ್ಷರವೂ ದಪ್ಪ!

ಕೊನೆಗೆ ಕೆಲಸ ಮಾಡಿದ್ದು ಇದು: ಇನ್‌ಪುಟ್ ಸುತ್ತ ಒಂದು ಸ್ಪ್ಯಾನ್ ಟ್ಯಾಗ್, ಅದಕ್ಕೆ ಡಿಸ್‌ಪ್ಲೇ ಇನ್‌ಲೈನ್ ಬ್ಲಾಕ್, ಪೊಸಿಷನ್ ರಿಲೇಟಿವ್. ಅದರೊಳಗೆ ಐಕಾನ್‌ಗೆ ಪೊಸಿಷನ್ ಆಬ್ಸಲ್ಯೂಟ್, ಎಡದಿಂದ 12 ಪಿಕ್ಸೆಲ್. ಇನ್‌ಪುಟ್‌ಗೆ ಎಡ ಪ್ಯಾಡಿಂಗ್ 36 ಪಿಕ್ಸೆಲ್. ಐಕಾನ್‌ಗೆ ಪಾಯಿಂಟರ್ ಇವೆಂಟ್ಸ್ ನನ್ (none) ಹಾಕದಿದ್ದರೆ ಅದರ ಮೇಲೆ ಒತ್ತಿದಾಗ ಕರ್ಸರ್ ಬರುವುದಿಲ್ಲ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಐಕಾನನ್ನು ಬಿಟ್ಟುಬಿಡಲಿ ಎಂದು ಅದಕ್ಕೆ aria-hidden ಟ್ರೂ. ಸಬ್ಮಿಟ್ ಗುಂಡಿಗೆ ಇನ್‌ಪುಟ್ ಬದಲು ಬಟನ್ ಟ್ಯಾಗ್ ಬಳಸಿದರೆ ಈ ರಗಳೆಯೇ ಇಲ್ಲ, ಐಕಾನ್ ನೇರವಾಗಿ ಒಳಗೆ ಹೋಗುತ್ತದೆ.