ಟೊಂಕ ನೋಯುವವರು ಹೊಸ ಗಾದಿ ತರುವ ಮುಂಚೆ

ಟೊಂಕ ನೋವು ಅಂದ ಕೂಡಲೇ ನಮ್ಮ ವಿಜಯಪುರದ ಮನೆಗಳಲ್ಲಿ ಎರಡು ಸಲಹೆ ಬರುತ್ತವೆ. ಒಬ್ಬರು ಬರೀ ನೆಲದ ಮೇಲೆ ಮಲಗು ಅನ್ನುತ್ತಾರೆ. ಇನ್ನೊಬ್ಬರು ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಇರುವ ಗಾದಿ ತಾ ಅನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಬಹಳ ದಿನದಿಂದ ಸೊಂಟ ನೋಯುತ್ತಿದ್ದ 313 ಜನರಿಗೆ ಸ್ಪೇನ್ ದೇಶದಲ್ಲಿ ಎರಡು ತರದ ಗಾದಿ ಕೊಟ್ಟು 90 ದಿನ ನೋಡಿದ್ದರು. ಅದರ ವರದಿ 2003ರಲ್ಲಿ ಬಂತು. ತೀರಾ ಗಟ್ಟಿ ಗಾದಿಗಿಂತ ಮಧ್ಯಮ ಗಟ್ಟಿಯದರಲ್ಲಿ ಮಲಗಿದವರಿಗೇ ಜಾಸ್ತಿ ಆರಾಮ ಸಿಕ್ಕಿತ್ತು.

ರೊಕ್ಕ ತೆಗೆಯುವ ಮುಂಚೆ ನೋವು ಗಾದಿಯಿಂದಲೇ ಬಂದದ್ದಾ ಅಂತ ನೋಡಿ. ಬೆಳಿಗ್ಗೆ ಏಳುವಾಗ ಟೊಂಕ ಹಿಡಿದುಕೊಂಡಿದ್ದು, ಓಡಾಡಿದ ಮೇಲೆ ಸಡಿಲಾಗುತ್ತದಾ? ಬೀಗರ ಮನೆಯಲ್ಲಿ ಮಲಗಿದ ರಾತ್ರಿ ನೋವು ಕಡಿಮೆಯಾ? ಹಾಗಿದ್ದರೆ ಗಾದಿಯ ಮೇಲೆ ಅನುಮಾನ ಪಡಬಹುದು. ಆದರೆ ನೋವು ಕಾಲಿಗಿಳಿದು ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಜೊತೆಗೆ ಜ್ವರ ಬಂದರೆ, ಮೂತ್ರದ ಹಿಡಿತ ತಪ್ಪಿದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ತಡ ಮಾಡಬೇಡಿ.

ಮಂಚವನ್ನೂ ನೋಡಬೇಕು. ನವಾರ ಜೋತುಬಿದ್ದ ಮಂಚಕ್ಕೆ ಎಂಥ ಗಾದಿ ಹಾಕಿದರೂ ಮೈ ನಡುವೆ ಕುಸಿಯುತ್ತದೆ. ಕೆಳಗೆ ಒಂದು ಪ್ಲೈವುಡ್ ಹಲಗೆ ಹಾಕಿಸಿ, ಕೆಲವು ದಿನ ಮಲಗಿ ನೋಡಿ. ಹೊಸ ಗಾದಿ ಬೇಕೇ ಬೇಕಾ ಅನ್ನುವುದು ಆಗ ಗೊತ್ತಾಗುತ್ತದೆ.

ಮನೆಯಲ್ಲಿ ಹಳೇ ಹತ್ತಿ ಗಾದಿ ಇದ್ದರೆ ಸುಮ್ನೆ ಎಸೆಯಬೇಡಿ. ಅರಳೆ ಗಂಟುಗಟ್ಟಿದ್ದಕ್ಕೇ ಅದು ಬೆನ್ನಿಗೆ ಒತ್ತುತ್ತಿರುತ್ತದೆ. ಪಿಂಜಾರರಿಗೆ ಕೊಟ್ಟು ಬಿಚ್ಚಿಸಿ, ಅರಳೆ ಹಿಂಜಿಸಿ, ಸ್ವಲ್ಪ ಹೊಸ ಅರಳೆ ಸೇರಿಸಿ, ಒತ್ತಾಗಿ ಹೊಲಿಸಿ. ನಮ್ಮ ಬೇಸಿಗೆಗೆ ಹತ್ತಿಯೇ ತಂಪು, ನನ್ನ ಮನಸ್ಸು ಇವತ್ತಿಗೂ ಅದರ ಕಡೆಗೇ. ಬೆಳಗಾವಿ ಕಡೆಯವರು ಮಾತ್ರ ಮಳೆಗಾಲ ನೆನಪಿಡಿ. ಹತ್ತಿ ತೇವ ಹೀರುತ್ತದೆ, ಬಿಸಿಲು ಬಿದ್ದಾಗಲೆಲ್ಲ ಒಣಗಿಸಬೇಕು.

ಹೊಸದೇ ಬೇಕು ಅಂದರೆ ಫೋಮಿನ ಡೆನ್ಸಿಟಿ ಕೇಳಿ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ ಅದು. ಅದರಿಂದ ಬಾಳಿಕೆ ತಿಳಿಯುತ್ತದೆ, ಗಟ್ಟಿಯೋ ಮೆತ್ತಗೋ ಅನ್ನುವುದು ತಿಳಿಯುವುದಿಲ್ಲ. ದಿನಾ ಮಲಗಲು 32ಕ್ಕಿಂತ ಕಡಿಮೆಯದನ್ನು ನಾನಂತೂ ತರುವುದಿಲ್ಲ. ಕಡಿಮೆ ರೊಕ್ಕದಲ್ಲಿ ಆಗಬೇಕು ಅಂದರೆ ರೀಬಾಂಡೆಡ್ ಫೋಮ್ ಕೇಳಿ. ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿದ ಗಾದಿ ಅದು. ಎತ್ತಲು ಭಾರ, ಆದರೆ ಬೇಗ ಕುಸಿಯುವುದಿಲ್ಲ. ಗಟ್ಟಿ ಅನ್ನಿಸಿದರೆ ಮೇಲೊಂದು ಕೌದಿ ಹಾಸಿ, ಸಾಕು. ತೆಂಗಿನ ನಾರಿನ ಗಾದಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಮೆಮೊರಿ ಫೋಮ್ ಮೈಗೆ ಹಿತ, ಆದರೆ ಮೈಯ ಕಾವು ಹಿಡಿದಿಡುತ್ತದೆ. 40 ಡಿಗ್ರಿ ಬಿಸಿಲಿನ ಊರಲ್ಲಿ ಅದಕ್ಕೆ ಜಾಸ್ತಿ ದುಡ್ಡು ಸುರಿಯುವುದು ಬೇಡ.

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾಚಿಕೊಳ್ಳದೆ ಚಪ್ಪಲಿ ಬಿಟ್ಟು ಹತ್ತು ನಿಮಿಷ ಮಲಗಿ. ಅಂಗಾತ ಮಲಗಿ ಟೊಂಕದ ಕೆಳಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಆಚೆ ಹೋದರೆ ಗಾದಿ ನಿಮಗೆ ಗಟ್ಟಿ. ಕೈಯೇ ತೂರದೆ ಮೈ ಮುಳುಗಿದ್ದರೆ ತೀರಾ ಮೆತ್ತಗೆ. ಸ್ವಲ್ಪ ಬಿಗಿಯಾಗಿ ಹೋಗಬೇಕು. ಮಗ್ಗುಲಲ್ಲಿ ಮಲಗುವವರು ಮಗ್ಗುಲಾಗಿಯೇ ನೋಡಿ. ಭುಜ ಒತ್ತಬಾರದು, ಬೆನ್ನು ನೆಟ್ಟಗಿರಬೇಕು. ಗಂಡ ಹೆಂಡತಿಯ ತೂಕದಲ್ಲಿ ಬಹಳ ಫರಕಿದ್ದರೆ ಇಬ್ಬರೂ ಮಲಗಿ ನೋಡುವುದು ಒಳ್ಳೆಯದು, ಅಲ್ವಾ?

ಮಂಚದ ಒಳಗಿನ ಅಳತೆ ಬರೆದುಕೊಂಡು ಹೋಗಿ. ಹಿರಿಯರಿರುವ ಮನೆಯಲ್ಲಿ ಎತ್ತರವನ್ನೂ ಅಳೆಯಿರಿ. ಗಾದಿಯ ಅಂಚಿಗೆ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ವಾರಂಟಿ ಕಾರ್ಡು, ಬಿಲ್ಲು ಎರಡೂ ಇಸಿದುಕೊಳ್ಳಿ. ಎಷ್ಟು ಇಂಚು ಕುಸಿದರೆ ಬದಲಿಸಿ ಕೊಡುತ್ತಾರೆ ಅಂತ ಆಗಲೇ ಕೇಳಿಬಿಡಿ.