ಇಂಗ್ಲಿಷ್ ವಾಕ್ಯದಲ್ಲಿ ನಿಜವಾದ ಕ್ರಿಯಾಪದವನ್ನು ಹುಡುಕುವ ಬಗೆ

'ಮನೆಗೆ ಬಂದ ಹುಡುಗ ಕುಳಿತ' ಎಂಬ ವಾಕ್ಯವನ್ನು ಓದುವಾಗ ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ. 'ಬಂದ', 'ಕುಳಿತ' ಎರಡೂ ನೋಡಲು ಒಂದೇ ಬಗೆಯ ರೂಪಗಳಾದರೂ, ನಾಮಪದಕ್ಕಿಂತ ಮೊದಲು ನಿಂತದ್ದು ಅದರ ವಿಶೇಷಣ, ಕೊನೆಯಲ್ಲಿ ನಿಂತದ್ದು ವಾಕ್ಯವನ್ನು ಮುಗಿಸುವ ಕ್ರಿಯಾಪದ ಎಂಬುದನ್ನು ಸ್ಥಾನವೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಹಲವು ಬಾರಿ ಇವೆರಡೂ ನಾಮಪದದ ನಂತರವೇ ಬರುತ್ತವೆ. ನಾವು ಎಡವುವುದು ಬಹುಮಟ್ಟಿಗೆ ಅಲ್ಲಿಯೇ.

'ದಿ ಹಾರ್ಸ್ ರೇಸ್ಡ್ ಪಾಸ್ಟ್ ದಿ ಬಾರ್ನ್ ಫೆಲ್' ಎಂಬುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಭಾಷಾವಿಜ್ಞಾನಿ ಥಾಮಸ್ ಬೆವರ್ 1970ರಲ್ಲಿ ಚರ್ಚಿಸಿದ ಈ ವಾಕ್ಯ ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರನ್ನೂ ದಾರಿ ತಪ್ಪಿಸುತ್ತದೆ, ಆದ್ದರಿಂದ ನಾವು ಸಂಕೋಚಪಡಬೇಕಾದದ್ದೇನೂ ಇಲ್ಲ. 'ಕುದುರೆ ಓಡಿತು' ಎಂದು ಓದಿಕೊಂಡು ಹೋದವರಿಗೆ ಕೊನೆಯ 'ಫೆಲ್' ಎಲ್ಲಿಗೂ ಸೇರದೆ ಉಳಿಯುತ್ತದೆ. ಇಲ್ಲಿ 'ರೇಸ್ಡ್' ಎಂದರೆ 'ಓಡಿತು' ಅಲ್ಲ, 'ಓಡಿಸಲಾದ' ಎಂದು. ಕಣಜದ ಪಕ್ಕದಲ್ಲಿ ಓಡಿಸಲಾದ ಕುದುರೆ ಬಿದ್ದಿತು.

ಇಂತಹ ವಾಕ್ಯ ಎದುರಾದಾಗ ಮೊದಲ ಪದದಿಂದಲೇ ಅನುವಾದಿಸುತ್ತಾ ಹೋಗಬಾರದು. ಪೆನ್ಸಿಲ್ ಹಿಡಿದು, ಕ್ರಿಯಾಪದದಂತೆ ಕಾಣುವ ಪ್ರತಿಯೊಂದು ಪದದ ಕೆಳಗೂ ಗೆರೆ ಎಳೆಯಿರಿ. 'ದಿ ಸ್ಟೂಡೆಂಟ್ಸ್ ಆಸ್ಕ್ಡ್ ಟು ವೇಟ್ ಔಟ್‌ಸೈಡ್ ಲೆಫ್ಟ್' ಎಂಬಲ್ಲಿ ಮೂರು ಗೆರೆಗಳು ಬೀಳುತ್ತವೆ. 'ಟು' ಜೊತೆಗಿರುವ 'ವೇಟ್' ವಾಕ್ಯವನ್ನು ಮುಗಿಸಲಾರದು; ಅದನ್ನು ಹೊಡೆದುಹಾಕಿ. ಉಳಿದ ಎರಡರ ನಡುವೆ 'ಆಂಡ್' ಆಗಲಿ 'ಹೂ' ಆಗಲಿ ಇಲ್ಲದಿರುವುದರಿಂದ ಒಂದು ಮಾತ್ರ ನಿಜವಾದ ಕ್ರಿಯಾಪದ. 'ಆಸ್ಕ್ಡ್' ಮೊದಲು 'ಹೂ ವರ್' ಸೇರಿಸಿ ಓದಿದರೆ ವಾಕ್ಯ ಸರಾಗವಾಗುತ್ತದೆ: ಹೊರಗೆ ಕಾಯುವಂತೆ ಹೇಳಲಾಗಿದ್ದ ವಿದ್ಯಾರ್ಥಿಗಳು ಹೊರಟುಹೋದರು. ಕಾಯಲು ಹೇಳಿದವರು ವಿದ್ಯಾರ್ಥಿಗಳಲ್ಲ, ಬೇರೆ ಯಾರೋ.

ಇನ್ನೂ ಸಂದೇಹವಿದ್ದರೆ, ಭೂತಕಾಲದ ರೂಪವೂ ಕೃದಂತ ರೂಪವೂ (ನಾಮಪದಕ್ಕೆ ವಿಶೇಷಣವಾಗಬಲ್ಲ ರೂಪ) ಬೇರೆ ಬೇರೆಯಾಗಿರುವ ಕ್ರಿಯಾಪದವೊಂದನ್ನು ಆ ಜಾಗದಲ್ಲಿ ಇಟ್ಟು ನೋಡಿ. ಕುದುರೆಯ ವಾಕ್ಯದಲ್ಲಿ 'ರೇಸ್ಡ್' ಬದಲು 'ರೈಡ್' (ಸವಾರಿ ಮಾಡು) ಎಂಬುದರ ಕೃದಂತ 'ರಿಡನ್' ಇಟ್ಟರೆ ಗೊಂದಲವೇ ಇಲ್ಲ. ಅದರ ಭೂತಕಾಲದ ರೂಪ 'ರೋಡ್' ಇಟ್ಟರೆ ವಾಕ್ಯವೇ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಹತ್ತು ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ಪರೀಕ್ಷೆ ಹೆಚ್ಚು ಉಪಯುಕ್ತ. ಅಂದಹಾಗೆ, ಕನ್ನಡವೂ ಪೂರ್ತಿ ಸಂದೇಹಾತೀತವೇನಲ್ಲ: 'ಹೊಡೆದ ಹುಡುಗ' ಎಂದಷ್ಟೇ ಹೇಳಿದರೆ ಹೊಡೆದವನೋ ಹೊಡೆಸಿಕೊಂಡವನೋ ತಿಳಿಯುವುದಿಲ್ಲ.

ಎರಡು ನಾಮಪದಗಳು ನಡುವೆ ಅಲ್ಪವಿರಾಮವೂ ಇಲ್ಲದೆ ಅಕ್ಕಪಕ್ಕ ನಿಂತಿದ್ದರೆ ಅಲ್ಲೊಂದು 'ದಟ್' ಅಡಗಿದೆಯೇ ಎಂದು ನೋಡಿ. 'ದಿ ಬುಕ್ ದಿ ಟೀಚರ್ ಗೇವ್ ಮಿ ಈಸ್ ಮಿಸ್ಸಿಂಗ್' ಎಂಬಲ್ಲಿ 'ಬುಕ್' ನಂತರ ಅದನ್ನು ತುಂಬಿಸಿ, 'ಗೇವ್ ಮಿ' ತನಕದ ಭಾಗವನ್ನು ಎತ್ತಿ 'ಪುಸ್ತಕ' ಎಂಬ ಪದಕ್ಕಿಂತ ಮೊದಲು ಇಡಿ: ಮೇಷ್ಟ್ರು ನನಗೆ ಕೊಟ್ಟ ಪುಸ್ತಕ ಕಾಣೆಯಾಗಿದೆ.

'ಹ್ಯಾಡ್' ಬಂದಾಗ ಮಾತ್ರ ಪದಗಳ ಕ್ರಮವನ್ನೇ ಗಮನಿಸಬೇಕು. 'ಹಿ ಹ್ಯಾಡ್ ರಿಪೇರ್ಡ್ ದಿ ಕಾರ್' ಎಂದರೆ ಅವನೇ ರಿಪೇರಿ ಮಾಡಿದ್ದ. 'ಹಿ ಹ್ಯಾಡ್ ದಿ ಕಾರ್ ರಿಪೇರ್ಡ್' ಎಂದರೆ ಸಾಮಾನ್ಯವಾಗಿ ಬೇರೆಯವರಿಂದ ಮಾಡಿಸಿದ. ಕನ್ನಡದಲ್ಲಿ ಒಂದು 'ಇಸು' ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ದಿ ಕಾರ್' 'ರಿಪೇರ್ಡ್'ಗಿಂತ ಮೊದಲು ಬಂದು ಮಾಡುತ್ತದೆ. ಇನ್ನು ವಾಕ್ಯವೇ 'ಹ್ಯಾಡ್' ಎಂದು ಆರಂಭವಾಗಿ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿದ್ದರೆ, ಅದನ್ನು 'ಇಫ್' ಎಂದೇ ಓದಿ: 'ಹ್ಯಾಡ್ ಐ ನೋನ್' ಎಂದರೆ 'ನನಗೆ ತಿಳಿದಿದ್ದರೆ'.