ಹುಣಸೆಬೀಜದ ಸರ್ವಧರ್ಮ ಪಾಠ: ನನ್ನ ಅನುಭವ

ಎಲ್ಲ ಧರ್ಮದ ಮಕ್ಕಳಿಗೂ ಒಂದೇ ಪಾಠದ ಪೆಟ್ಟಿಗೆ ಮಾಡುತ್ತೇನೆ ಅಂದಾಗ ನಮ್ಮ ಧಾರವಾಡದ ಮಾಸ್ತರುಗಳೇ "ಆಗೂದಲ್ಲ ಬಿಡ್ರಿ, ಎಲ್ಲಾ ಕಡೆಯಿಂದ ಬೈಸ್ಕೋತೀರಿ" ಅಂದಿದ್ದರು. ಈಗ ಅದೇ ಪೆಟ್ಟಿಗೆ ಒಂದು ಮಠದ ಬೇಸಿಗೆ ಶಿಬಿರದಲ್ಲಿದೆ, ಒಂದು ಮದರಸಾದಲ್ಲಿದೆ, ಚರ್ಚಿನ ಸಂಡೇ ಸ್ಕೂಲಿಗೂ ಹೋಗಿದೆ. ಕೇಳಿ ತರಿಸಿಕೊಂಡವರು ಅವರೇ.

ಮೊದಲು ಮಾಡಿದ್ದು ಚಾರ್ಟು. ಬಸವಣ್ಣನ "ಕಳಬೇಡ ಕೊಲಬೇಡ"ದ ಪಕ್ಕ ಬೌದ್ಧರ ಪಂಚಶೀಲ, ಜೈನರ ಅಣುವ್ರತ, ಬೈಬಲ್ಲಿನ ಹತ್ತು ಆಜ್ಞೆ. ಮಲ್ಟಿಕಲರ್, ಲ್ಯಾಮಿನೇಶನ್ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು. ಮಕ್ಕಳು ಒಮ್ಮೆ ಓದಿದರು, ಗೋಡೆಗೆ ಅಂಟಿಸಿದರು, ಮುಗೀತು. ಎಲ್ಲರೂ ಹೇಳುವುದು ಒಂದೇ ಅಂದುಬಿಟ್ಟರೆ ಮಗು ಕೇಳುವುದಕ್ಕೆ ಏನು ಉಳಿಯಿತು? ಮರುವರ್ಷ ಧರ್ಮಕ್ಕೊಂದು ಕಿರುಪುಸ್ತಕ ತಂದೆ. ಪ್ರತಿ ಮಗುವೂ ತನ್ನ ಮನೆಯದನ್ನಷ್ಟೇ ಎತ್ತಿಕೊಂಡಿತು. ಡಿಟಿಪಿ, ಪೇಪರು, ಬೈಂಡಿಂಗ್ ಅಂತ ಇನ್ನೊಂದು ನಲವತ್ತು ಸಾವಿರ. ಕಟ್ಟುಗಳು ಇನ್ನೂ ಅಟ್ಟದ ಮೇಲಿವೆ. ದಾನಿಯೊಬ್ಬರು ಕೈಬಿಟ್ಟರು, ಪಿಎಫ್ ದುಡ್ಡು ತೆಗೆದೆ.

ಕೈಹಿಡಿದದ್ದು ಹುಣಸೆಬೀಜ. "ಕೊಡುವುದು" ಎಂಬ ಪಾಠಕ್ಕೆ ಗುಂಪಿಗೆ ನಲವತ್ತು ಬೀಜ, ಜೊತೆಗೆ ಬೇರೆ ಬೇರೆ ಧರ್ಮದ ಕಾರ್ಡುಗಳು. ಮುಸ್ಲಿಮರ ಕಡ್ಡಾಯ ದಾನವಾದ ಝಕಾತ್ ಶೇ. 2.5, ಅಂದರೆ ಒಂದು ಬೀಜ ಪಕ್ಕಕ್ಕೆ. ಕ್ರೈಸ್ತರ ದಶಮಾಂಶಕ್ಕೆ ನಾಲ್ಕು, ಸಿಖ್ಖರ ದಸ್ವಂಧ್‌ಗೂ ನಾಲ್ಕು; ಎರಡೂ ಗಳಿಕೆಯ ಹತ್ತರಲ್ಲೊಂದು ಪಾಲು. "ಹಂಗಾರ ಮುಸ್ಲಿಮರು ಕಡಿಮಿ ಕೊಡ್ತಾರೇನ್ರಿ ಸರ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾಠ ಶುರುವಾಗುವುದೇ ಅಲ್ಲಿ. ಝಕಾತ್ ತಿಂಗಳ ಗಳಿಕೆಯ ಮೇಲಲ್ಲ, ವರ್ಷವಿಡೀ ಕೈಯಲ್ಲಿ ಉಳಿದ ಸಂಪತ್ತಿನ ಮೇಲೆ, ಅದೂ ನಿಸಾಬ್ ಎಂಬ ಕನಿಷ್ಠ ಸಂಪತ್ತಿನ ಮಿತಿ ದಾಟಿದವರಿಗೆ. ಬೆಳೆಯ ಲೆಕ್ಕವೇ ಬೇರೆ: ಮಳೆ ನಂಬಿದ ಹೊಲಕ್ಕೆ ಹತ್ತರಲ್ಲೊಂದು ಪಾಲು, ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು. ಪಂಪ್‌ಸೆಟ್ಟಿನ ಖರ್ಚು ಕಂಡ ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಆಮೇಲೆ ದಾಸೋಹದ ಕಾರ್ಡು ತಿರುಗಿಸುತ್ತಾರೆ. ಅಲ್ಲಿ ಅಂಕಿಯೇ ಇಲ್ಲ. ಎಷ್ಟು ಬೀಜ ಎತ್ತಬೇಕೆಂದು ಗುಂಪಿನಲ್ಲಿ ಜಗಳ ಹತ್ತುತ್ತದೆ. ದಯವಿಟ್ಟು ಆ ಜಗಳ ಬಿಡಿಸಲು ಹೋಗಬೇಡಿ.

ಯಾವ ಕಾರ್ಡೂ ಆ ಧರ್ಮದವರು ಒಪ್ಪದೆ ಪ್ರೆಸ್ಸಿಗೆ ಹೋಗುವುದಿಲ್ಲ. ಲಂಗರ್, ಅಂದರೆ ಗುರುದ್ವಾರದ ಎಲ್ಲರಿಗೂ ಉಚಿತ ಊಟದ ಕಾರ್ಡು ಹಿಡಿದು ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದೆ, ಬೌದ್ಧರದನ್ನು ಮುಂಡಗೋಡದ ಟಿಬೆಟನ್ ಕಾಲೊನಿಗೆ ಒಯ್ದೆ. ಯಾರ ಹತ್ತಿರ ಮೊದಲು ಹೋಗಬೇಕು, ಕರಡಿನಲ್ಲಿ ಯಾವ ಜಾಗ ಖಾಲಿ ಬಿಟ್ಟುಕೊಂಡು ಹೋಗಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆ ಮಾಡಲು ನಿಜವಾಗಿ ಕೂತವರಿಗೆ ಎದುರಿಗೆ ಹೇಳುತ್ತೇನೆ.

ನಡುವೆ, ಹಬ್ಬದ ದಿನಗಳು ಯಾಕೆ ಸರಿಯುತ್ತವೆ ಅಂತ ತೋರಿಸಲು ಚಂದ್ರನ ಚಕ್ರವೊಂದನ್ನು ರಟ್ಟಿನಲ್ಲಿ ಮಾಡಿದೆ. ಮುಸ್ಲಿಮರ ಚಾಂದ್ರಮಾನದ ಹಿಜರಿ ವರ್ಷಕ್ಕೆ ಸುಮಾರು 354 ದಿನ, ಹಾಗಾಗಿ ರಂಜಾನ್ ವರ್ಷವರ್ಷಕ್ಕೆ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ. ನಮ್ಮ ಪಂಚಾಂಗದವರು ಅಧಿಕಮಾಸ ಸೇರಿಸಿ ಯುಗಾದಿಯನ್ನು ಹೆಚ್ಚುಕಡಿಮೆ ಅದೇ ಋತುವಿನಲ್ಲಿ ಇಟ್ಟುಕೊಂಡರು. ಯಹೂದಿಗಳೂ ಹಾಗೆಯೇ, 19 ವರ್ಷಕ್ಕೆ ಏಳು ಹೆಚ್ಚುವರಿ ತಿಂಗಳು. ಮಕ್ಕಳಿಗಿಂತ ಮಾಸ್ತರುಗಳಿಗೇ ಚಕ್ರ ಹೆಚ್ಚು ಹಿಡಿಸಿತು. ನಡುವಿನ ರಿವೆಟ್ ಮಾತ್ರ ಬೇಗ ಕಿತ್ತು ಬರುತ್ತಿದೆ.

ಈಗ ಪೆಟ್ಟಿಗೆಗೆ ಇನ್ನೂರು ರೂಪಾಯಿಯೊಳಗೆ ಬೀಳುತ್ತದೆ. 300 ಜಿಎಸ್‌ಎಂನ ದಪ್ಪ ಬೋರ್ಡು, ಒಂದೇ ಬಣ್ಣ, ಲ್ಯಾಮಿನೇಶನ್ ಇಲ್ಲ, ಬೀಜ ಪುಕ್ಕಟೆ. ಮುಂದಿನ ಪಾಠ ಉಪವಾಸ. ಏಕಾದಶಿ, ರೋಜಾ, ಕ್ರೈಸ್ತರ ತಪಸ್ಸುಕಾಲದ ಕಾರ್ಡುಗಳು ಒಪ್ಪಿಗೆಯಾಗಿ ಬಂದಿವೆ; ಜೈನರದ್ದು ಇನ್ನೂ ಹಿರಿಯರ ಕೈಯಲ್ಲಿದೆ.